ಹಳೆಯ ಹೈಬ್ರಿಡ್ ಸೈಕಲ್ ಕೊಳ್ಳುವ ಮುನ್ನ

2020ರ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನಲ್ಲಿ ಗೇರ್ ಸೈಕಲ್ ಕೊಂಡವರು ಬಹಳ ಮಂದಿ. ಅವುಗಳಲ್ಲಿ ಎಷ್ಟೋ ಸೈಕಲ್‌ಗಳು ನಾಲ್ಕಾರು ತಿಂಗಳು ಓಡಿ, ಆಮೇಲೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿದು ನಿಂತವು. ಅಂಥವು ಅರ್ಧ ಬೆಲೆಗೆ ಸಿಗುತ್ತವೆ ಎಂದಾಗ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯವರಿಗೆ ಆಸೆಯಾಗುವುದು ಸಹಜ. ಆದರೆ ಸೈಕಲ್ ಓಡಬೇಕಾದದ್ದು ನಮ್ಮ ಊರಿನಲ್ಲಿ, ರಿಪೇರಿಯಾಗಬೇಕಾದದ್ದೂ ಇಲ್ಲಿಯೇ. ನಿರ್ಧಾರ ಅಲ್ಲಿಂದ ಶುರುವಾಗಬೇಕು.

ಹೈಬ್ರಿಡ್ ಎಂದರೆ ರೇಸ್ ಸೈಕಲ್ಲಿನ ದೊಡ್ಡ ಗಾಲಿ, ಮೌಂಟನ್ ಬೈಕಿನ ನೇರ ಹ್ಯಾಂಡಲ್, ಇವೆರಡರ ನಡುವಿನ ದಪ್ಪದ ಟೈರು. ಡಾಂಬರು ರಸ್ತೆಯಲ್ಲಿ ಹಗುರವಾಗಿ ಓಡುತ್ತದೆ, ಗಟ್ಟಿ ಮಣ್ಣುದಾರಿಯನ್ನೂ ತಡೆಯುತ್ತದೆ. ಫ್ಯಾಕ್ಟರಿ ಕೆಲಸಕ್ಕೆ ದಿನಾ ಹತ್ತು ಹದಿನೈದು ಕಿ.ಮೀ. ತುಳಿಯುವವರಿಗೆ ಒಳ್ಳೆಯ ಗಾಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ರಾಗಿ ಮೂಟೆ ಸಾಗಿಸುವವರಿಗೆ ಅಲ್ಲ. ಅವರಿಗೆ ಹಳೆಯ ಕಪ್ಪು ಸೈಕಲ್ಲೇ ವಾಸಿ.

ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. ಮೋಸ ಹೋಗುವುದು ಇಲ್ಲಿಯೇ. ಹೈಬ್ರಿಡ್ ಟೈರಿನ ಮೇಲೆ ‘700×38ಸಿ’ ಎಂದೋ, ‘28 ಇಂಚು’ ಎಂದೋ ಇರುತ್ತದೆ. ನಮ್ಮ ದೊಡ್ಡ ಕಪ್ಪು ಸೈಕಲ್ಲಿನ ಟೈರೂ 28 ಇಂಚಿನದೇ. ಆದರೆ ಎರಡೂ ಒಂದೇ ಅಲ್ಲ! ಹೈಬ್ರಿಡ್ ರಿಮ್‌ನಲ್ಲಿ ಟೈರು ಕೂರುವ ಅಳತೆ 622 ಮಿಲಿಮೀಟರ್, ಕಪ್ಪು ಸೈಕಲ್ಲಿನದು 635. ಹದಿಮೂರು ಮಿಲಿಮೀಟರ್ ಸಡಿಲವಾದ ಟೈರು ರಿಮ್ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಸೈಕಲ್ ನೋಡಲು ಹೋಗುವ ಮೊದಲೇ ನಿಮ್ಮ ಪಂಕ್ಚರ್ ಅಂಗಡಿಯಲ್ಲಿ ಕೇಳಿ, 622ರ ಟೈರು, ಟ್ಯೂಬು ತರಿಸಿ ಕೊಡುತ್ತಾರೆಯೇ ಎಂದು. ಇಲ್ಲವಾದರೆ ಎರಡು ಟ್ಯೂಬ್ ಜೊತೆಗೇ ಕೊಂಡು ಮನೆಯಲ್ಲಿಡಬೇಕು.

ಗಾಳಿ ತುಂಬುವ ಬಾಯಿಯನ್ನೂ ನೋಡಿ. ಬೈಕಿನದರಂತೆ ದಪ್ಪವಾಗಿದ್ದರೆ ಚಿಂತೆಯಿಲ್ಲ, ಯಾವ ಬಂಕಿನಲ್ಲೂ ಗಾಳಿ ಸಿಗುತ್ತದೆ. ಪೆನ್ಸಿಲ್ಲಿನಂತೆ ಸಣ್ಣದಾಗಿ, ತುದಿಯಲ್ಲಿ ತಿರುಪು ಇರುವ ಬಾಯಿಯಾದರೆ ಅದಕ್ಕೆ ಬೇರೆ ಪಂಪು ಅಥವಾ ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು.

ಇನ್ನು ಫ್ರೇಮು. ಅಯಸ್ಕಾಂತ ಅಂಟಿದರೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ. ಉಕ್ಕು ಬಿರುಕು ಬಿಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಏನಾದರೂ ಮಾಡಿಸಬಹುದು, ಅಲ್ಯೂಮಿನಿಯಂಗೆ ಆ ದಾರಿಯಿಲ್ಲ. ಹ್ಯಾಂಡಲ್ ಕೆಳಗಿನ ಕೂಡಿಕೆ, ಪೆಡಲ್ ಬುಡ, ಸೀಟಿನ ಕಂಬ ಇಳಿಯುವ ಜಾಗ ಈ ಮೂರನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬೆಲೆ ಮಾತಾಡದೆ ವಾಪಸ್ ಬನ್ನಿ.

ಚೈನು ಸವೆದಿದೆಯೇ ಎಂದು ತಿಳಿಯಲು ಬಡಗಿಯ ಉಕ್ಕಿನ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ, ಅಲ್ಲಿಂದ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುವ ಸಾಧ್ಯತೆ ಹೆಚ್ಚು. 21 ಗೇರ್ ಇದೆ ಎಂಬ ಹೊಗಳಿಕೆಗಿಂತ ಈ ಅಳತೆ ಮುಖ್ಯ.

ಬ್ರೇಕು ತಂತಿಯದಾಗಿರಲಿ. ಎಣ್ಣೆಯ ಡಿಸ್ಕ್ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಎಣ್ಣೆ ಸೋರಿದರೆ ಹಳ್ಳಿಯಲ್ಲಿ ಸರಿಮಾಡುವವರು ಸಿಗುವುದು ಕಷ್ಟ. ಎರಡು ಕಾಲೂ ನೆಲಕ್ಕೂರಿ ನಿಂತಾಗ ಮೇಲಿನ ಪೈಪು ತಗಲಬಾರದು. ಸೀಟು ಏರಿಸಬಹುದು, ಇಳಿಸಬಹುದು, ಫ್ರೇಮು ಬೆಳೆಯುವುದಿಲ್ಲ.

ಬೆಲೆಯ ವಿಷಯ. ಮಾರುವವರು ಅಂದಿನ ಬಿಲ್ಲು ತೋರಿಸಿ ಅರ್ಧ ಕೇಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಾಗಾಗಿ ಹೋಲಿಸಬೇಕಾದದ್ದು ಇಂದಿನ ಹೊಸ ಸೈಕಲ್ಲಿನ ಬೆಲೆಯೊಂದಿಗೆ. ವರ್ಷಗಟ್ಟಲೆ ನಿಂತ ಸೈಕಲ್ಲಿನ ಟೈರು ಓಡದಿದ್ದರೂ ಒಣಗಿ ಸೀಳುತ್ತದೆ. ಟೈರು, ಟ್ಯೂಬು, ಚೈನು, ತಂತಿಗಳ ಖರ್ಚನ್ನು ಹೊಸೂರಿನ ಅಂಗಡಿಯಲ್ಲಿ ಕೇಳಿ ಬರೆದುಕೊಂಡು ಹೋಗಿ, ಅಷ್ಟನ್ನೂ ಕಳೆದು ಕೇಳಿ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಇಲ್ಲದಿದ್ದರೆ ಅದನ್ನೂ ಸೇರಿಸಿ. ಆಗಲೂ ಹೊಸದರ ಮುಕ್ಕಾಲು ಬೆಲೆ ತಗಲುವುದಾದರೆ ಹೊಸದನ್ನೇ ಕೊಳ್ಳುವುದು ಲೇಸು.

ಕೊನೆಯದಾಗಿ ಕಾಗದ. ಸೈಕಲ್ಲಿಗೆ ಆರ್‌ಸಿ ಪುಸ್ತಕವಿಲ್ಲ. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆಯಾಗಬಹುದು. ಸೈಕಲ್ ತಲೆಕೆಳಗು ಮಾಡಿದರೆ ಸಾಮಾನ್ಯವಾಗಿ ಪೆಡಲ್ ಬುಡದಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಆ ಸೈಕಲ್ ಬೇಡ. ಇದ್ದರೆ ನಂಬರ್, ತಾರೀಖು, ಕೊಟ್ಟ ಹಣ, ಮಾರಿದವರ ಹೆಸರು ವಿಳಾಸ ಬರೆಸಿ ಸಹಿ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೊಂಡು ಅತ್ತಿಬೆಲೆ ದಾಟಿ ತರುವಾಗ ಯಾರಾದರೂ ಕೇಳಿದರೆ ತೋರಿಸಲು ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪ್ರತಿ ಇದ್ದರೆ ಒಳ್ಳೆಯದು.