ಒಡೆದರೂ ಚೆದುರದ ಗಾಜು

ಮುಂದೆ ಸಾಗುವ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲೊಂದು ಕಾರಿನ ಮುಂದಿನ ಗಾಜಿಗೆ ಬಡಿದಾಗ ಮೊದಲು ಕಾಣುವುದು ಕಡಲೆಕಾಳಿನಷ್ಟು ಗಾತ್ರದ ಒಂದು ಚುಕ್ಕೆ. ಬಿಸಿಲಿಗೆ ಕಾಯ್ದು, ಮಳೆಗೆ ತಣಿದು, ಹಳ್ಳಕ್ಕೆ ಬಿದ್ದು ಎದ್ದು ಓಡಾಡುವಷ್ಟರಲ್ಲಿ ಆ ಚುಕ್ಕೆಗೆ ಕಾಲು ಮೂಡುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಬಿರುಕು ಗಾಜಿನ ಈ ತುದಿಯಿಂದ ಆ ತುದಿಗೆ ಹರಿದಿರುತ್ತದೆ. ಆಮೇಲೆ ಗಾಜು ಬದಲಿಸದೆ ವಿಧಿಯಿಲ್ಲ.

ಅಂಬಾಸಿಡರ್ ಕಾರಿನ ಕಾಲದಲ್ಲಿ ಇದು ದೊಡ್ಡ ಸಂಗತಿಯಾಗಿರಲಿಲ್ಲ. ಗ್ಯಾರೇಜಿನ ಇಬ್ಬರು ಸೇರಿ ಹಳೆಯ ರಬ್ಬರ್ ಪಟ್ಟಿಯನ್ನು ಕಿತ್ತು, ಹೊಸ ಗಾಜಿನ ಸುತ್ತ ರಬ್ಬರ್ ಹಾಕಿ, ಅದರ ಗಾಡಿಯಲ್ಲಿ ಒಂದು ಹುರಿಯನ್ನು ಕೂರಿಸುತ್ತಿದ್ದರು. ಒಬ್ಬ ಹೊರಗಿನಿಂದ ಗಾಜನ್ನು ಒತ್ತಿ ಹಿಡಿದರೆ ಇನ್ನೊಬ್ಬ ಒಳಗೆ ಕುಳಿತು ಹುರಿಯನ್ನು ಮೆಲ್ಲಗೆ ಎಳೆಯುತ್ತಿದ್ದ. ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಹತ್ತಿ ಕುಳಿತರೆ ಕೆಲಸ ಮುಗಿದಂತೆ. ಇಂದಿನ ದುಬಾರಿ ಎಸ್‌ಯುವಿಯೊಂದರ ಗಾಜು ಬದಲಿಸುವುದಕ್ಕೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಬೇಕು. ವಿಶೇಷ ಅಂಟು ಬೇಕು, ಗಣಕಯಂತ್ರ ಬೇಕು, ಸಮತಟ್ಟಾದ ನೆಲವಿರುವ ಕೊಠಡಿ ಬೇಕು. ಬಿಲ್ಲು ಕಂಡ ಮಾಲೀಕ, ಇದೇನು ಗಾಜೋ ಚಿನ್ನದ ತಗಡೋ ಎಂದು ಹುಬ್ಬೇರಿಸುವುದು ಸಹಜ. ಒಂದು ಗಾಜಿನ ಹಾಳೆಗೆ ಇಷ್ಟೊಂದು ಉಪಚಾರ ಏಕೆ ಎಂಬ ಪ್ರಶ್ನೆಗೆ ಉತ್ತರ ನೂರು ವರ್ಷಗಳಿಗೂ ಹಿಂದಿನ ಚರಿತ್ರೆಯಲ್ಲಿದೆ.

ಧೂಳಿನ ತಡೆಯಾಗಿ ಬಂದದ್ದು

ಮೊದಲ ಮೋಟಾರು ವಾಹನಗಳಿಗೆ ಮುಂದಿನ ಗಾಜೇ ಇರಲಿಲ್ಲ. ಅವು ಕುದುರೆಯಿಲ್ಲದ ಸಾರೋಟುಗಳಾಗಿದ್ದವು, ವೇಗವೂ ಅಷ್ಟಕ್ಕಷ್ಟೆ. ಚಾಲಕರು ಉದ್ದನೆಯ ಕೋಟು ತೊಟ್ಟು, ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ಕೂರುತ್ತಿದ್ದರು. ವೇಗ ಹೆಚ್ಚಿದಂತೆ ಗಾಳಿ, ಧೂಳು, ಹುಳುಗಳ ಕಾಟವೂ ಹೆಚ್ಚಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೇಕಾದವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳುವ ಸಲಕರಣೆಯಾಗಿ ಮುಂದಿನ ಗಾಜು ಬಂತು. ಇಂಗ್ಲಿಷಿನಲ್ಲಿ ಅದಕ್ಕೆ ಬಿದ್ದ ಹೆಸರು ವಿಂಡ್‌ಶೀಲ್ಡ್, ಎಂದರೆ ಗಾಳಿಗೆ ಹಿಡಿದ ಗುರಾಣಿ. ಆಗ ಅದಕ್ಕಿದ್ದ ಕೆಲಸವೂ ಅಷ್ಟೆ. ಅಮೆರಿಕದ ಮೇರಿ ಆಂಡರ್‌ಸನ್ ಎಂಬ ಮಹಿಳೆ ಒಳಗಿನಿಂದ ಕೈಯಲ್ಲಿ ತಿರುಗಿಸುವ ವೈಪರ್‌ಗೆ ಪೇಟೆಂಟ್ ಪಡೆದದ್ದು 1903ರಲ್ಲಿ.

ಆದರೆ ಆ ಗಾಜು ಮನೆಯ ಕಿಟಕಿಗೆ ಹಾಕುವಂಥ ಸಾದಾ ಗಾಜು. ಅಪಘಾತವಾದರೆ ಅದು ಉದ್ದುದ್ದ ಚೂರಿಗಳಾಗಿ ಒಡೆದು, ಎದುರಿಗೆ ಕುಳಿತವರ ಮುಖ, ಕಣ್ಣು, ಕೊರಳುಗಳನ್ನೇ ಸೀಳುತ್ತಿತ್ತು. ಗಾಳಿಯಿಂದ ಕಾಪಾಡಲು ಬಂದ ಗುರಾಣಿಯೇ ಕತ್ತಿಯಾಯಿತು.

ಕೆಳಗೆ ಬಿದ್ದ ಬುರುಡೆ

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್. ಈತ ರಸಾಯನಶಾಸ್ತ್ರ ಬಲ್ಲ ಚಿತ್ರಕಲಾವಿದ. 1903ರ ಸುಮಾರಿಗೆ ಅವನ ಪ್ರಯೋಗಶಾಲೆಯ ಕಪಾಟಿನಿಂದ ಗಾಜಿನ ಬುರುಡೆಯೊಂದು ಕೆಳಗೆ ಬಿತ್ತಂತೆ. ಬಿರುಕು ಬಿಟ್ಟಿತೇ ಹೊರತು ಚೂರುಗಳು ಚೆದುರಲಿಲ್ಲ. ಅದರಲ್ಲಿ ಹಿಂದೊಮ್ಮೆ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿಹೋಗಿ, ಒಳಮೈಗೆ ಕಣ್ಣಿಗೆ ಕಾಣದ ತೆಳು ಪೊರೆಯೊಂದು ಅಂಟಿಕೊಂಡಿತ್ತು. ಚೂರುಗಳನ್ನು ಹಿಡಿದಿಟ್ಟದ್ದು ಆ ಪೊರೆ. ಮೋಟಾರು ಅಪಘಾತಗಳಲ್ಲಿ ಗಾಜು ಚುಚ್ಚಿ ಗಾಯಗೊಂಡವರ ಸುದ್ದಿಯನ್ನು ಓದಿದಾಗ ಅವನಿಗೆ ಈ ಬುರುಡೆಯ ನೆನಪಾಯಿತೆಂದು ಹೇಳುತ್ತಾರೆ. ಎರಡು ಗಾಜಿನ ಹಾಳೆಗಳ ನಡುವೆ ಸೆಲ್ಯುಲಾಯ್ಡ್ ಹಾಳೆಯೊಂದನ್ನು ಇಟ್ಟು ಅಂಟಿಸುವ ವಿಧಾನಕ್ಕೆ ಅವನು 1909ರಲ್ಲಿ ಪೇಟೆಂಟ್ ಪಡೆದ. ಮೂರು ಪದರಗಳಿರುವ ಆ ಗಾಜಿಗೆ ‘ಟ್ರಿಪ್ಲೆಕ್ಸ್’ ಎಂಬ ಹೆಸರಾಯಿತು. ಅದೇ ಹೆಸರಿನ ಕಂಪನಿ 1912ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು.

ದುಬಾರಿಯಾದ ಈ ಗಾಜನ್ನು ಕಾರು ತಯಾರಕರು ಮೊದಮೊದಲು ಹತ್ತಿರ ಸೇರಿಸಲಿಲ್ಲ. ಅದಕ್ಕೆ ಮೊದಲ ಬೇಡಿಕೆ ಬಂದದ್ದು ಯುದ್ಧದಿಂದ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲ ಮುಖವಾಡಗಳ ಕಣ್ಣಿನ ಗಾಜಿಗೆ ಇದು ಬಳಕೆಯಾಯಿತು. ಅಮೆರಿಕದಲ್ಲಿ ಹೆನ್ರಿ ಫೋರ್ಡ್‌ನ ಕಂಪನಿ 1927ರ ಕೊನೆಯಲ್ಲಿ ಹೊರತಂದ ‘ಮಾಡೆಲ್ ಎ’ ಕಾರಿನ ಮುಂದಿನ ಗಾಜಿಗೆ ಪದರಗಾಜನ್ನು ಹಾಕಿದ ಮೇಲೆ ಅದು ಸಾಮಾನ್ಯ ಕೊಳ್ಳುಗನ ಕೈಗೂ ಎಟುಕಿತು.

ನ್ಯಾಯಾಲಯದ ಮೆಟ್ಟಿಲೇರಿದ ಕಲ್ಲು

ಈ ಗಾಜಿನ ಚರಿತ್ರೆಯಲ್ಲಿ ಒಂದು ಮೊಕದ್ದಮೆಗೆ ದೊಡ್ಡ ಸ್ಥಾನವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1930ರಲ್ಲಿ ಒಬ್ಬಾತ ಹೊಸ ಫೋರ್ಡ್ ಕಾರು ಕೊಂಡ. ಮುಂದಿನ ಗಾಜು ಎಂಥ ಪೆಟ್ಟಿಗೂ ಚೂರಾಗಿ ಸಿಡಿಯುವುದಿಲ್ಲವೆಂದು ಕಂಪನಿಯ ಪ್ರಚಾರ ಪತ್ರಗಳು ಹೇಳಿದ್ದವು. ಕೆಲವೇ ತಿಂಗಳಲ್ಲಿ, ಎದುರಿನಿಂದ ಬಂದ ವಾಹನದಿಂದ ಹಾರಿದ ಕಲ್ಲು ಗಾಜಿಗೆ ಬಡಿಯಿತು. ಚೂರು ಸಿಡಿದು ಆತ ಒಂದು ಕಣ್ಣು ಕಳೆದುಕೊಂಡ.

ಆತ ಕಾರು ಕೊಂಡದ್ದು ಮಾರಾಟಗಾರನಿಂದಲೇ ಹೊರತು ಫೋರ್ಡ್ ಕಂಪನಿಯಿಂದಲ್ಲ. ಆದ್ದರಿಂದ ತಮಗೂ ಆತನಿಗೂ ಕರಾರಿನ ಸಂಬಂಧವಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1932ರಲ್ಲಿ ಅದನ್ನು ಒಪ್ಪಲಿಲ್ಲ. ಗಾಜು ಸುರಕ್ಷಿತವೋ ಅಲ್ಲವೋ ಎಂಬುದನ್ನು ಸಾಮಾನ್ಯ ಕೊಳ್ಳುಗ ನೋಡಿ ತಿಳಿಯಲಾರ. ತಯಾರಕನ ಮಾತನ್ನು ನಂಬಿಯೇ ಅವನು ಕೊಳ್ಳುತ್ತಾನೆ. ಆ ಮಾತು ಸುಳ್ಳಾದರೆ ತಯಾರಕ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂಬುದು ತೀರ್ಪಿನ ಸಾರ. ಗ್ರಾಹಕ ಹಕ್ಕಿನ ಕಾನೂನಿನಲ್ಲಿ ಇದು ಇಂದಿಗೂ ಹೆಸರಿಸುವ ತೀರ್ಪು. ನೋಡಿ ತಿಳಿಯಲಾಗದ ವಸ್ತುವಿನ ಹೊಣೆ ಯಾರದು ಎಂಬ ಅದರ ಪ್ರಶ್ನೆಯೂ ಹಳೆಯದಾಗಿಲ್ಲ.

ಪೊರೆ ದಪ್ಪವಾದದ್ದು

ಹಳೆಯ ಸೆಲ್ಯುಲಾಯ್ಡ್ ಪದರಕ್ಕೆ ಬಿಸಿಲು ಕಂಡರಾಗುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಹಳದಿಯಾಗಿ ಮಂಕಾಗುತ್ತಿತ್ತು. 1930ರ ದಶಕದ ಕೊನೆಗೆ ಅದರ ಜಾಗಕ್ಕೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಬಂತು. ಇಂದಿಗೂ ಬಳಕೆಯಲ್ಲಿರುವುದು ಅದೇ. ಗಾಜು, ಪ್ಲಾಸ್ಟಿಕ್, ಗಾಜು ಎಂಬ ಮೂರು ಹಾಳೆಗಳನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಬೇಯಿಸಿದಾಗ ಅವು ಒಂದೇ ಆಗಿಬಿಡುತ್ತವೆ.

ಆದರೂ ಒಂದು ಕೇಡು ಉಳಿದಿತ್ತು. ಢಿಕ್ಕಿಯ ರಭಸಕ್ಕೆ ಪ್ರಯಾಣಿಕನ ತಲೆ ಪದರವನ್ನು ಹರಿದುಕೊಂಡು ಆಚೆ ಹೋದರೆ, ಒಡೆದ ಗಾಜು ಕೊರಳ ಸುತ್ತ ಕುಣಿಕೆಯಂತೆ ಕುಳಿತು ಕೊಯ್ಯುತ್ತಿತ್ತು. ಇದಕ್ಕಾಗಿ ಪದರದ ದಪ್ಪವನ್ನು 0.38 ಮಿಲಿಮೀಟರಿನಿಂದ 0.76 ಮಿಲಿಮೀಟರಿಗೆ ಇಮ್ಮಡಿಗೊಳಿಸಿದ ಗಾಜು 1966ರ ಅಮೆರಿಕದ ಕಾರುಗಳಿಗೆ ಬಂತು. ಈಗ ಪದರ ಹರಿಯದೆ ಬಲೆಯಂತೆ ಹಿಗ್ಗಿ ತಲೆಯನ್ನು ತಡೆಯತೊಡಗಿತು. ಅದೇ ವರ್ಷ ಆ ದೇಶದಲ್ಲಿ ವಾಹನ ಸುರಕ್ಷತೆಯ ಕಾಯಿದೆಯೂ ಜಾರಿಗೆ ಬಂತು.

ಸುರಕ್ಷಾ ಗಾಜಿನಲ್ಲಿ ಇನ್ನೊಂದು ಬಗೆಯಿದೆ. ಕಾಯಿಸಿ ತಟಕ್ಕನೆ ತಣಿಸಿದ ಹದಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಮೊಂಡು ತುಣುಕುಗಳಾಗುತ್ತದೆ. ಪಕ್ಕದ ಬಾಗಿಲುಗಳಿಗೆ ಅದು ಒಳ್ಳೆಯದು. ಮುಂದಕ್ಕೆ ಹಾಕಿದರೆ ಮಾತ್ರ, ಒಂದು ಕಲ್ಲು ಬಿದ್ದೊಡನೆ ಇಡೀ ಗಾಜು ಬೆಳ್ಳಗಾಗಿ ದಾರಿಯೇ ಕಾಣದಂತಾಗುತ್ತದೆ. ಹಿಂದಿನ ಚಾಲಕರು ಅಂಥ ಹೊತ್ತಿನಲ್ಲಿ ಗಾಜಿಗೆ ಗುದ್ದಿ ಕಿಂಡಿ ಮಾಡಿಕೊಂಡು ಗಾಡಿ ನಿಲ್ಲಿಸಬೇಕಾಗುತ್ತಿತ್ತು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸುರಕ್ಷಾ ಗಾಜನ್ನು ಕಡ್ಡಾಯಗೊಳಿಸಿದವು. ಬಳಿಕ ಬಂದ ತಿದ್ದುಪಡಿ, ಹೊಸ ವಾಹನಗಳ ಮುಂದಿನ ಗಾಜು ಪದರಗಾಜೇ ಆಗಿರಬೇಕೆಂದಿತು. ಮುಂದಿನ ಹಾಗೂ ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕೆಂಬುದೂ ಅದೇ ನಿಯಮಗಳಲ್ಲಿದೆ.

ರಬ್ಬರಿನಿಂದ ಅಂಟಿಗೆ

ಗಾಜು ಗಟ್ಟಿಯಾದರೆ ಸಾಲದು, ಅಪಘಾತದಲ್ಲಿ ಅದು ತನ್ನ ಚೌಕಟ್ಟಿನಲ್ಲೇ ಉಳಿಯಬೇಕು. ರಬ್ಬರ್ ಪಟ್ಟಿಯಲ್ಲಿ ಕುಳಿತ ಗಾಜು ಢಿಕ್ಕಿಗೆ ಕಳಚಿ ಬಿದ್ದರೆ, ಒಳಗಿದ್ದವರು ಆ ಕಿಂಡಿಯಿಂದ ಹೊರಕ್ಕೆ ಎಸೆಯಲ್ಪಡುತ್ತಿದ್ದರು. ಗಂಟೆಗೆ 30 ಮೈಲಿ ವೇಗದಲ್ಲಿ ತಡೆಗೋಡೆಗೆ ಗುದ್ದಿದರೂ ಗಾಜಿನ ಅಂಚಿನ ಬಹುಭಾಗ ಚೌಕಟ್ಟನ್ನು ಬಿಡಬಾರದೆಂಬ ಸುರಕ್ಷಾ ನಿಯಮ ಅಮೆರಿಕದಲ್ಲಿ 1970ರಲ್ಲಿ ಜಾರಿಗೆ ಬಂತು. ಹೀಗೆ ರಬ್ಬರಿನ ಜಾಗವನ್ನು ಯುರೆಥೇನ್ ಎಂಬ ಬಲವಾದ ಅಂಟು ಕ್ರಮೇಣ ಆಕ್ರಮಿಸಿತು. ಇಂಧನ ಉಳಿತಾಯದ ಚಿಂತೆಯೂ ಇದಕ್ಕೆ ಒದಗಿ ಬಂತು. ಗಾಜು ತಗಡಿನ ಮಟ್ಟಕ್ಕೆ ಸಮನಾಗಿ ಕುಳಿತರೆ ಗಾಳಿಯ ಎದುರೊತ್ತು ತಗ್ಗುತ್ತದೆ ಎಂಬುದನ್ನು 1982ರ ಆಡಿ 100 ಕಾರು ತೋರಿಸಿಕೊಟ್ಟಿತು.

ಅಂಟಿಸಿದ ಗಾಜು ಕಾರಿನ ಮೈಕಟ್ಟಿನ ಭಾಗವೇ ಆಯಿತು. ಗಾಡಿ ಮಗುಚಿದರೆ ಚಾವಣಿಗೆ ಅದು ಹೆಗಲು ಕೊಡುತ್ತದೆ. ಏರ್‌ಬ್ಯಾಗ್ ಬಂದ ಮೇಲೆ ಮತ್ತೊಂದು ಹೊಣೆ ಬಿತ್ತು. ಬಹುತೇಕ ಕಾರುಗಳಲ್ಲಿ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಮೇಲ್ಮುಖವಾಗಿ ಉಬ್ಬಿ, ಗಾಜಿಗೆ ತಾಗಿ, ಅಲ್ಲಿಂದ ಪ್ರಯಾಣಿಕನ ಕಡೆಗೆ ತಿರುಗುತ್ತದೆ. ಅಂಟು ಸಡಿಲವಾಗಿದ್ದರೆ ಗಾಜು ಹೊರಕ್ಕೆ ಹಾರಿ, ಚೀಲವೂ ಅದರ ಹಿಂದೆ ಹೋಗುತ್ತದೆ. ಭಾರತದಲ್ಲಿ ಹೊಸ ಮಾದರಿಯ ಕಾರುಗಳಿಗೆ ಈ ಏರ್‌ಬ್ಯಾಗ್ ಕಡ್ಡಾಯವಾದದ್ದು 2021ರಲ್ಲಿ.

ನೋಡುವ ಗಾಜು

1970ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೊದಲ ರೇಂಜ್ ರೋವರ್‌ನ ಮುಂದಿನ ಗಾಜು ರಬ್ಬರಿನಲ್ಲೇ ಕೂರುತ್ತಿತ್ತು. 2008ರಲ್ಲಿ ಆ ಕಂಪನಿ ಟಾಟಾ ಮೋಟಾರ್ಸ್‌ನ ವಶಕ್ಕೆ ಬಂದಿತು. 2021ರಲ್ಲಿ ಅನಾವರಣಗೊಂಡ ಐದನೆಯ ಪೀಳಿಗೆಯ ರೇಂಜ್ ರೋವರ್ ಹಾಗೂ ಅದೇ ದರ್ಜೆಯ ಇತರ ಎಸ್‌ಯುವಿಗಳ ಗಾಜನ್ನು ನೋಡಿದರೆ ಐವತ್ತು ವರ್ಷಗಳ ಅಂತರ ತಿಳಿಯುತ್ತದೆ. ನಡುವಿನ ಪದರದಲ್ಲಿ ಸದ್ದನ್ನು ಹೀರುವ ಮೆದು ಪ್ಲಾಸ್ಟಿಕ್ ಇರುತ್ತದೆ. ಮಂಜು ಕರಗಿಸುವ ಕೂದಲೆಳೆಯಂಥ ತಂತಿಗಳು ಕೆಲವದರಲ್ಲಿ ಇರುತ್ತವೆ. ವೇಗದ ಅಂಕಿಯನ್ನು ಗಾಜಿನ ಮೇಲೆಯೇ ಮೂಡಿಸುವ ಸೌಕರ್ಯವಿದ್ದರೆ, ಬಿಂಬ ಎರಡಾಗಿ ಕಾಣದಂತೆ ಪದರವನ್ನು ಬೆಣೆಯಾಕಾರದಲ್ಲಿ ಮಾಡಿರುತ್ತಾರೆ. ಮಳೆಹನಿಯನ್ನು ಅರಿಯುವ ಅವಗೆಂಪು ಕಿರಣದ ಸಾಧನ ಕನ್ನಡಿಯ ಹಿಂದೆ ಅಂಟಿಕೊಂಡಿರುತ್ತದೆ. ಶಾಖ ತಡೆಯುವ ಲೋಹದ ಲೇಪವಿರುವ ಗಾಜು ರೇಡಿಯೊ ಅಲೆಗಳನ್ನೂ ತಡೆಯುತ್ತದೆ. ಟೋಲ್ ಗೇಟಿನ ಫಾಸ್ಟ್‌ಟ್ಯಾಗ್‌ನಂಥ ಚೀಟಿಗಳಿಗಾಗಿ ಲೇಪವಿಲ್ಲದ ಸಣ್ಣ ಜಾಗವೊಂದನ್ನು ಬಿಟ್ಟಿರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಜಿನ ಹಿಂದೆ ಕುಳಿತ ಕ್ಯಾಮೆರಾ. ರಸ್ತೆಯ ಗೆರೆ, ಮುಂದಿನ ವಾಹನ, ಅಡ್ಡ ಬಂದ ಪಾದಚಾರಿ ಇವನ್ನೆಲ್ಲ ಗುರುತಿಸಿ, ಅಗತ್ಯ ಬಿದ್ದರೆ ತಾನೇ ಬ್ರೇಕು ಹಾಕುವ ವ್ಯವಸ್ಥೆಗೆ ಅದೇ ಕಣ್ಣು. ಈ ಕಣ್ಣು ಗಾಜಿನ ಮೂಲಕವೇ ನೋಡಬೇಕು. ಅದರ ದಿಕ್ಕು ಬರೀ ಒಂದು ಡಿಗ್ರಿ ತಪ್ಪಿದರೂ 100 ಮೀಟರ್ ದೂರದಲ್ಲಿ 1.75 ಮೀಟರಿನಷ್ಟು ವ್ಯತ್ಯಾಸವಾಗುತ್ತದೆ. ನಮ್ಮ ಹೆದ್ದಾರಿಯ ಒಂದು ಪಥದ ಅಗಲ 3.5 ಮೀಟರ್. ಎಂದರೆ ಪಕ್ಕದ ಪಥದ ಲಾರಿಯನ್ನು ಎದುರಿಗಿದೆಯೆಂದು ತಿಳಿಯಲು, ಎದುರಿಗಿರುವುದನ್ನು ಪಕ್ಕದ್ದೆಂದು ಬಗೆಯಲು ಅಷ್ಟು ಸಾಕು.

ಬದಲಿಸುವ ಕೈ

ಆದ್ದರಿಂದಲೇ ಗಾಜು ಬದಲಿಸುವುದು ಇಂದು ನಾಜೂಕಿನ ಕೆಲಸ. ತಂತಿಯಿಂದ ಹಳೆಯ ಅಂಟನ್ನು ಕೊಯ್ದು ಗಾಜನ್ನು ಬಿಡಿಸಬೇಕು. ಚೌಕಟ್ಟಿನ ಮೇಲೆ ಹಳೆಯ ಅಂಟಿನ ತೆಳು ಪದರವನ್ನು ಉಳಿಸಿಕೊಳ್ಳಬೇಕು. ಹೊಸ ಅಂಟು ಚೆನ್ನಾಗಿ ಹಿಡಿಯುವುದು ಅದರ ಮೇಲೆಯೇ. ಬಣ್ಣ ಕೆರೆದುಹೋದ ಕಡೆ ಪ್ರೈಮರ್ ಬಳಿಯದಿದ್ದರೆ ತುಕ್ಕು ಹಿಡಿದು, ವರ್ಷಗಳ ಬಳಿಕ ಅಂಟು ತಗಡಿನ ಸಮೇತ ಎದ್ದುಬರುತ್ತದೆ. ಹೊಸ ಗಾಜನ್ನು ಹೀರುಬಟ್ಟಲುಗಳಿಂದ ಎತ್ತಿ ಒಂದೇ ಸಲಕ್ಕೆ ನೇರವಾಗಿ ಕೂರಿಸಬೇಕು. ಗಾಜಿನ ಸುತ್ತಲಿನ ಕಪ್ಪು ಅಂಚು ಅಲಂಕಾರಕ್ಕೆಂದು ಅನೇಕರು ತಿಳಿದಿದ್ದಾರೆ. ಬಿಸಿಲಿನ ನೇರಳಾತೀತ ಕಿರಣದಿಂದ ಅಂಟನ್ನು ಕಾಯುವುದು ಅದರ ಕೆಲಸ.

ಸಾಮಾನ್ಯವಾಗಿ ಬಳಸುವ ಯುರೆಥೇನ್ ಒಣಗುವುದು ಬಿಸಿಲಿನಿಂದಲ್ಲ, ಗಾಳಿಯ ತೇವದಿಂದ. ಮಂಗಳೂರಿನ ಮಳೆಗಾಲದಲ್ಲಿ ಬೇಗ ಗಟ್ಟಿಯಾಗುವ ಅಂಟು, ಒಣಹವೆಯ ಚಳಿಗಾಲದ ಬೀದರಿನಲ್ಲಿ ತಡಮಾಡಬಹುದು. ಅಂಟಿನ ತಯಾರಕರು ಹೇಳಿದಷ್ಟು ಹೊತ್ತು ಗಾಡಿಯನ್ನು ನಿಲ್ಲಿಸಿರಲೇಬೇಕು. ಕೊನೆಗೆ ಕ್ಯಾಮೆರಾದ ದಿಕ್ಕು ಹೊಂದಿಸುವ ಕೆಲಸ: ಗಾಡಿಯ ಎದುರು ಅಳೆದ ದೂರದಲ್ಲಿ ಗುರುತಿನ ಫಲಕಗಳನ್ನು ನಿಲ್ಲಿಸಿಯೋ, ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಓಡಿಸಿಯೋ, ಎರಡನ್ನೂ ಮಾಡಿಯೋ ಅದಕ್ಕೆ ಮತ್ತೆ ದೃಷ್ಟಿ ಕೊಡಬೇಕು.

ಇದರಿಂದ ಬೀದಿ ಬದಿಯ ಗಾಜಿನ ಅಂಗಡಿಗಳಿಗೆ ಕಷ್ಟಕಾಲ ಬಂದಿದೆ. ಹುರಿ ಎಳೆಯುವ ಕೈಚಳಕ ಬಲ್ಲವರ ಬಳಿ ಫಲಕಗಳೂ ತಂತ್ರಾಂಶವೂ ಇರುವುದಿಲ್ಲ. ಅವನ್ನು ಕೊಳ್ಳುವ ಬಂಡವಾಳವೂ ಇರುವುದಿಲ್ಲ. ಅಗ್ಗಕ್ಕೆ ಆಸೆಪಟ್ಟು ಹೋದ ಮಾಲೀಕನಿಗೆ ತಪ್ಪು ತಿಳಿಯುವ ದಾರಿಯೂ ಇಲ್ಲ. ಅಂಟು ಸರಿಯಾಗಿ ಹಿಡಿಯದ ಗಾಜು, ಹಿಡಿದ ಗಾಜಿನಷ್ಟೇ ಫಳಫಳ ಹೊಳೆಯುತ್ತದೆ. ವ್ಯತ್ಯಾಸ ತಿಳಿಯುವುದು ಢಿಕ್ಕಿಯಾದ ಮೇಲೆಯೇ.

1932ರ ತೀರ್ಪು ತಯಾರಕನಿಗೆ ಹೇಳಿದ ಮಾತು ಈಗ ಗಾಜು ಬದಲಿಸುವವರಿಗೂ ಸಲ್ಲುತ್ತದೆ. ಕೊಳ್ಳುವವನು ಕೇಳಬಹುದಾದ ಸಂಗತಿಗಳೂ ಕೆಲವಿವೆ: ಹೊಸ ಗಾಜಿನ ಮೂಲೆಯಲ್ಲಿ ಭಾರತೀಯ ಮಾನಕ 2553ರ ಗುರುತೋ ಯುರೋಪಿನ ವೃತ್ತದೊಳಗಿನ ‘ಇ’ ಮುದ್ರೆಯೋ ಇದೆಯೇ, ಎಷ್ಟು ಹೊತ್ತಿನ ಬಳಿಕ ಗಾಡಿ ಓಡಿಸಬಹುದು, ಕ್ಯಾಮೆರಾ ಹೊಂದಿಸಿದ್ದಕ್ಕೆ ಮುದ್ರಿತ ವರದಿ ಕೊಡುತ್ತಾರೆಯೇ. ಮೂರಕ್ಕೂ ನೇರ ಉತ್ತರ ಕೊಡುವ ಅಂಗಡಿ ದೊಡ್ಡದಾಗಿರಲಿ, ಚಿಕ್ಕದಾಗಿರಲಿ, ಅದಕ್ಕೆ ಗಾಡಿ ಒಪ್ಪಿಸಬಹುದು.