ಬೈಲುಕುಪ್ಪೆಯ ಟಿಬೆಟೀಯರು: ಆಶ್ರಯವೂ ಬಾಂಧವ್ಯವೂ

ಶರಣಾರ್ಥಿಗೆ ಆಶ್ರಯವನ್ನು ರಾಜ್ಯವು ಕೊಡಬಲ್ಲುದು. ಬಾಂಧವ್ಯವನ್ನು ಅವನೇ ಕಟ್ಟಿಕೊಳ್ಳಬೇಕು. ಈ ಭೇದಕ್ಕೆ ಬೈಲುಕುಪ್ಪೆಯ ಟಿಬೆಟೀಯರ ಚರಿತ್ರೆಯು ನಿದರ್ಶನವಾಗಿದೆ.

೧೯೫೯ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ತರುವಾಯ ಸಹಸ್ರಾರು ಜನರು ಅವರನ್ನು ಹಿಂಬಾಲಿಸಿದರು. ಅನೇಕರು ಹಿಮಾಲಯದ ಸೀಮೆಯಲ್ಲಿ ರಸ್ತೆಯ ಕೂಲಿಯಿಂದ ಜೀವಿಸಿದರು. ಮೈಸೂರು ಸರ್ಕಾರವು ಪಿರಿಯಾಪಟ್ಟಣದ ಸಮೀಪದ ಬೈಲುಕುಪ್ಪೆಯಲ್ಲಿ ಸುಮಾರು ೩೦೦೦ ಎಕರೆ ಭೂಮಿಯನ್ನಿತ್ತಿತು. ೧೯೬೦ರ ಅಂತ್ಯದಲ್ಲಿ ಬಂದ ಮೊದಲ ತಂಡವು ಕಾಡನ್ನು ಕಡಿದು ಮುಸುಕಿನ ಜೋಳವನ್ನು ಬೆಳೆಯಲುಪಕ್ರಮಿಸಿತು. ಶೀತದೇಶದವರಾದ ಅವರಿಗೆ ಇಲ್ಲಿಯ ಸೆಕೆಯೂ ಕಾಡಾನೆಗಳ ಹಾವಳಿಯೂ ದುಸ್ಸಹವಾಗಿದ್ದುವು. ಮೇಲಾಗಿ ಅವರು ನಾನಾ ಪ್ರಾಂತಗಳವರು. ಆದುದರಿಂದ ತಮ್ಮತಮ್ಮೊಳಗೂ ಅಪರಿಚಿತರು. ಹೊಲದ ದುಡಿಮೆಯೂ ಸಹಕಾರ ಸಂಘದ ವ್ಯವಹಾರವೂ ಅವರನ್ನು ನೆರೆಯವರನ್ನಾಗಿ ಮಾಡಿದುವು.

ವಿದ್ಯೆಯು ಇನ್ನೊಂದು ಬಂಧನವಾಯಿತು. ಲಾಸಾನಗರದ ಬಳಿ ೧೪೧೯ರಲ್ಲಿ ಸ್ಥಾಪಿತವಾದ ಸೆರಾ ಮಠದ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಹಲವು ವರ್ಷಗಳನ್ನು ಕಳೆದು, ೧೯೭೦ರ ಸುಮಾರಿಗೆ ಬೈಲುಕುಪ್ಪೆಗೆ ಬಂದು, ಅದೇ ಹೆಸರಿನಿಂದ ಮಠವನ್ನು ಮರಳಿ ಕಟ್ಟಿದರು. ಧರ್ಮಕೀರ್ತಿಯ ಪ್ರಮಾಣವಾರ್ತಿಕವು ಅವರ ಪಾಠಕ್ರಮದ ಮುಖ್ಯ ಗ್ರಂಥಗಳಲ್ಲೊಂದು. ಅದರ ಅಭ್ಯಾಸವು ವಾದದಿಂದ ನಡೆಯತಕ್ಕದ್ದು. ವಾದಕ್ಕೆ ಪ್ರತಿವಾದಿಯು ಅವಶ್ಯಕನು. ಆದಕಾರಣ ಬಂಧುಹೀನನಾಗಿ ಬಂದವನೂ ಆ ಅಂಗಳದಲ್ಲಿ ಮತ್ತೊಬ್ಬನಿಗೆ ಬೇಕಾದವನಾದನು. ಧರ್ಮಕೀರ್ತಿಯು ದಾಕ್ಷಿಣಾತ್ಯನೆಂದು ಟಿಬೆಟೀಯ ಸಂಪ್ರದಾಯವು ಹೇಳುತ್ತದೆ. ಹಾಗಾದರೆ ದಕ್ಷಿಣದ ಶಾಸ್ತ್ರವೇ ಶರಣಾರ್ಥಿಗಳೊಡನೆ ದಕ್ಷಿಣಕ್ಕೆ ಮರಳಿತೆನ್ನಬಹುದು.

ಇಲ್ಲಿಯೇ ಹುಟ್ಟಿ ಕನ್ನಡವನ್ನು ಬಲ್ಲವರಾದ ಹಲವರು ಇಂದಿಗೂ ವಿದೇಶೀಯರೆಂಬ ನೋಂದಣಿಪತ್ರವನ್ನೇ ಹೊಂದಿದ್ದಾರೆ. ಬಾಂಧವ್ಯವು ನೆಲೆಗೊಂಡರೂ ಪೌರತ್ವದ ಪ್ರಶ್ನೆಯು ಅವರ ಪಾಲಿಗೆ ಮುಗಿದಿಲ್ಲ.