82ನೇ ನಿಮಿಷದ ಹುಡುಗರು

2017ರ ಅಕ್ಟೋಬರ್ 9, ದೆಹಲಿಯ ಜವಾಹರಲಾಲ್ ನೆಹರು ಸ್ಟೇಡಿಯಂ. ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ಕೊಲಂಬಿಯಾ ವಿರುದ್ಧ 0-1ರಿಂದ ಹಿಂದಿತ್ತು. 82ನೇ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಒದ್ದ. ಮಣಿಪುರದ ಉದ್ದ ಕಾಲಿನ ಜೀಕ್ಸನ್ ಸಿಂಗ್ ಮೇಲೆ ಹಾರಿ ತಲೆ ಕೊಟ್ಟ. ಗೋಲು! ಫಿಫಾ ವಿಶ್ವಕಪ್ ಅನ್ನೋ ಹೆಸರಿನ ಟೂರ್ನಿಯಲ್ಲಿ, ಯಾವ ವಯಸ್ಸಿನ ಗುಂಪೇ ಇರಲಿ, ಭಾರತ ಹೊಡೆದ ಮೊದಲ ಗೋಲು ಅದು.

83ನೇ ನಿಮಿಷದಲ್ಲಿ ಕೊಲಂಬಿಯಾ ಇನ್ನೊಂದು ಹೊಡೆಯಿತು. ಕುಣೀತಿದ್ದ ಜನ ಕೂತೇ ಇರಲಿಲ್ಲ, ಅಷ್ಟರಲ್ಲಿ 1-2. ಪಂದ್ಯ ಹಾಗೇ ಮುಗೀತು.

ಆ ಒಂದು ನಿಮಿಷದ ಮೇಲೆ ನಾವು ಫುಟ್ಬಾಲ್ ಹುಚ್ಚಿನವರು ವರ್ಷಗಟ್ಟಲೆ ಜಗಳ ಆಡಿದ್ದೀವಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಬಿಎಫ್‌ಸಿ ಪಂದ್ಯ ಶುರುವಾಗೋಕೆ ಮುಂಚೆ, ಪಂದ್ಯ ಮುಗಿದು ಕಸ್ತೂರಬಾ ರಸ್ತೆಯಲ್ಲಿ ಆಟೋ ಸಿಗದೆ ನಿಂತಾಗ, ಆಫೀಸಿನ ಟೀ ಬ್ರೇಕ್‌ನಲ್ಲಿ. ‘ಗುರು, ಈ ಬ್ಯಾಚು 2026ಕ್ಕೆ ದೊಡ್ಡವರ ವಿಶ್ವಕಪ್ ಆಡ್ತದೆ, ಬರೆದಿಟ್ಕೋ’ ಅನ್ನೋರು ಒಂದಷ್ಟು ಜನ. ‘ಆತಿಥೇಯರು ಅಂತ ಸುಮ್ನೆ ಜಾಗ ಸಿಕ್ತು, ಮೂರು ಪಂದ್ಯದಲ್ಲಿ ಒಂಬತ್ತು ಗೋಲು ತಿಂದವರು ಇವರು’ ಅನ್ನೋರು ಇನ್ನೊಂದಷ್ಟು. ಎರಡೂ ನಿಜವೇ. ಅಮೆರಿಕ ವಿರುದ್ಧ 0-3, ಕೊಲಂಬಿಯಾ ವಿರುದ್ಧ 1-2, ಘಾನಾ ವಿರುದ್ಧ 0-4. ಆದರೆ ಜಗಳವೆಲ್ಲ ಹುಡುಗರ ಕಾಲಿನ ಬಗ್ಗೆಯೇ ಇತ್ತು. ಯಾರಿಗೆ ವೇಗ ಇದೆ, ಯಾರಿಗೆ ಎತ್ತರ ಇದೆ, ಯಾರ ಫಸ್ಟ್ ಟಚ್ ಚೆನ್ನಾಗಿದೆ. ಮುಂದಿನ ಶನಿವಾರ ಇವರು ಎಲ್ಲಿ ಆಡ್ತಾರೆ, ಯಾರ ಜಾಗದಲ್ಲಿ ಆಡ್ತಾರೆ ಅನ್ನೋ ಪ್ರಶ್ನೆ ಅಷ್ಟಾಗಿ ಬರಲೇ ಇಲ್ಲ. ನನ್ನ ಪ್ರಕಾರ ಕೇಳಬೇಕಾಗಿದ್ದು ಅದನ್ನೇ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗಬೇಕು.

1974ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾದ ಯೂತ್ ಚಾಂಪಿಯನ್‌ಶಿಪ್ ನಡೀತು. ಅದರ ಫೈನಲ್‌ನಲ್ಲಿ ಭಾರತ ಇರಾನ್ ಜೊತೆ 2-2 ಡ್ರಾ ಮಾಡಿಕೊಂಡಿತು, ಪಟ್ಟವನ್ನ ಇಬ್ಬರೂ ಹಂಚಿಕೊಂಡರು. ನಾಯಕ ಹೈದರಾಬಾದಿನ ಶಬ್ಬೀರ್ ಅಲಿ, ಕೋಚ್ ಅರುಣ್ ಘೋಷ್. ಇದನ್ನ ಮೊದಲ ಸಲ ಓದಿದಾಗ ನಾನು ನಂಬಿರಲಿಲ್ಲ. ಇರಾನ್ ಜೊತೆ ಸಮ ಸಮ? ಏಷ್ಯಾದ ಚಾಂಪಿಯನ್? ಆದರೆ ಆಯ್ತು, ನಿಜವಾಗಿ ಆಗಿದ್ದು. ಆ ಕಾಲದ ಅಭಿಮಾನಿಗಳು ಏನೇನು ಕನಸು ಕಂಡಿರಬೇಡ! 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1970ರಲ್ಲಿ ಕಂಚು, ಈಗ ಹುಡುಗರ ಪಟ್ಟ. ಮುಂದಿನ ಹತ್ತು ವರ್ಷ ನಮ್ಮದೇ ಅಂದುಕೊಳ್ಳೋಕೆ ಎಲ್ಲ ಕಾರಣ ಇತ್ತು.

ಇರಾನ್ 1978ರಲ್ಲಿ ಅರ್ಜೆಂಟೀನಾಕ್ಕೆ ಹೋಗಿ ವಿಶ್ವಕಪ್ ಆಡಿತು. ನಮಗೆ 1970ರ ಆ ಕಂಚೇ ಏಷ್ಯನ್ ಗೇಮ್ಸ್ ಫುಟ್ಬಾಲಿನ ಕೊನೆಯ ಪದಕವಾಗಿ ಉಳೀತು. ಶಬ್ಬೀರ್ ಅಲಿಯವರು ದೊಡ್ಡ ಆಟಗಾರರೇ ಆದರು. ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಆಡಿದರು, 2011ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಅವರಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಆಗ ನಮ್ಮಲ್ಲಿ ರಾಷ್ಟ್ರೀಯ ಲೀಗೇ ಇರಲಿಲ್ಲ. ಅದು ಶುರುವಾಗಿದ್ದು 1996ರಲ್ಲಿ. ಹುಡುಗರು ಏಷ್ಯಾ ಗೆದ್ದು ಬಂದ ಮೇಲೆ ಇಪ್ಪತ್ತೆರಡು ವರ್ಷ ದಾಟಿತ್ತು.

ಈಗ 2017ಕ್ಕೆ ವಾಪಸ್. ಆ ಬ್ಯಾಚಿನಲ್ಲಿ ಟೂರ್ನಿಗೆ ಮುಂಚೆ ಎಲ್ಲರ ಬಾಯಲ್ಲಿದ್ದ ಹೆಸರು ಜೀಕ್ಸನ್ ಅಲ್ಲ, ಸಿಕ್ಕಿಂನ ಕೋಮಲ್ ಥಟಾಲ್. 2016ರಲ್ಲಿ ಗೋವಾದಲ್ಲಿ ನಡೆದ ಬ್ರಿಕ್ಸ್ ಟೂರ್ನಿಯಲ್ಲಿ ಬ್ರೆಜಿಲ್ ಹುಡುಗರ ವಿರುದ್ಧ ಗೋಲು ಹೊಡೆದಿದ್ದ. ಬ್ರೆಜಿಲ್ ವಿರುದ್ಧ ಗೋಲು ಅಂದ್ರೆ ನಮ್ಮವರಿಗೆ ಸಾಕಲ್ಲ, ಆ ವಿಡಿಯೋ ವಾಟ್ಸಾಪಿನಲ್ಲಿ ಎಷ್ಟು ಸಲ ಬಂತೋ ಲೆಕ್ಕ ಇಲ್ಲ. ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಆಡಿದ. ಎರಡನೇ ಪಂದ್ಯಕ್ಕೆ ಕೋಚ್ ನಾರ್ಟನ್ ಡಿ ಮಾಟೋಸ್ ಹನ್ನೊಂದರಿಂದ ಅವನನ್ನ ತೆಗೆದರು. ಜೀಕ್ಸನ್ ಕಥೆ ಉಲ್ಟಾ. ಅವನು ಮೊದಲಿಂದ ತಂಡದಲ್ಲಿ ಇದ್ದವನೇ ಅಲ್ಲ. ಚಂಡೀಗಢ ಕಡೆಯ ಮಿನರ್ವಾ ಅಕಾಡೆಮಿಯಲ್ಲಿದ್ದ, ತಡವಾಗಿ ಕಣ್ಣಿಗೆ ಬಿದ್ದ. ತಂಡದ ನಾಯಕ ಅಮರ್‌ಜಿತ್ ಸಿಂಗ್ ಕಿಯಾಮ್ ಅವನ ಊರಿನವನೇ, ಸಂಬಂಧದಲ್ಲಿ ಅಣ್ಣ-ತಮ್ಮ. ಮಣಿಪುರದ ಒಂದು ಹಳ್ಳಿಯಿಂದ ವಿಶ್ವಕಪ್ ತಂಡಕ್ಕೆ ಇಬ್ಬರು! ನಮ್ಮ ಹಳ್ಳಿಯಿಂದ ಜಿಲ್ಲಾ ಮಟ್ಟದ ಕಬಡ್ಡಿಗೆ ಒಬ್ಬ ಹೋಗಿದ್ದಕ್ಕೆ ಇವತ್ತಿಗೂ ಮಾತಾಡ್ತಾರೆ.

ಮೊದಲ ಪಂದ್ಯ ಅಕ್ಟೋಬರ್ 6ರಂದು ಅಮೆರಿಕದ ವಿರುದ್ಧ. ಅದರ ಒಂದು ಕ್ಷಣ ನನಗೆ ಕೊಲಂಬಿಯಾದ ಗೋಲಿಗಿಂತ ಜಾಸ್ತಿ ಕಾಡುತ್ತೆ. 0-2 ಇದ್ದಾಗ ನಮ್ಮ ಡಿಫೆಂಡರ್ ಅನ್ವರ್ ಅಲಿ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ವಾಪಸ್ ಬಂತು. ಅಲ್ಲಿಂದಲೇ ಅಮೆರಿಕದವರು ಓಡಿದರು, ಆಂಡ್ರ್ಯೂ ಕಾರ್ಲ್‌ಟನ್ ಮೂರನೆಯದನ್ನ ಹಾಕಿದ. ಈ ಕಾರ್ಲ್‌ಟನ್ ಬಗ್ಗೆ ಆಗ ಅಮೆರಿಕದಲ್ಲಿ ನಮ್ಮ ಕೋಮಲ್ ಬಗ್ಗೆ ಇದ್ದದ್ದಕ್ಕಿಂತ ದೊಡ್ಡ ಗುಲ್ಲು. 2016ರಲ್ಲಿ, ಇನ್ನೂ ಹದಿನೈದು ವಯಸ್ಸಿದ್ದಾಗ, ಅಟ್ಲಾಂಟಾ ಯುನೈಟೆಡ್ ತನ್ನ ಅಕಾಡೆಮಿಯಿಂದ ಸಹಿ ಹಾಕಿಸಿಕೊಂಡ ಮೊದಲ ಹುಡುಗ. ಅದೇ ತಂಡದಲ್ಲಿ ಜೋಶ್ ಸಾರ್ಜೆಂಟ್, ಸರ್ಜಿನೋ ಡೆಸ್ಟ್, ಟಿಮ್ ವೇಯಾ ಇದ್ದರು. ವೇಯಾ ಅಂದ್ರೆ ಬ್ಯಾಲನ್ ಡಿ’ಓರ್ ಗೆದ್ದ ಜಾರ್ಜ್ ವೇಯಾ ಮಗ. ಅಪ್ಪ ಅದೇ ವರ್ಷದ ಕೊನೆಗೆ ಲೈಬೀರಿಯಾದ ಅಧ್ಯಕ್ಷ ಚುನಾವಣೆ ಗೆದ್ದರು.

ಐದು ವರ್ಷ ಕಳೆದು 2022ರ ನವೆಂಬರ್‌ನಲ್ಲಿ ಕತಾರ್‌ನಲ್ಲಿ ಅಮೆರಿಕ ವೇಲ್ಸ್ ವಿರುದ್ಧ ಇಳಿದಾಗ ಹನ್ನೊಂದರಲ್ಲಿ ವೇಯಾ, ಸಾರ್ಜೆಂಟ್, ಡೆಸ್ಟ್ ಮೂವರೂ ಇದ್ದರು. ಗೋಲು ಹೊಡೆದದ್ದು ವೇಯಾ. ಕಾರ್ಲ್‌ಟನ್ ಆ ತಂಡದಲ್ಲಿ ಇರಲಿಲ್ಲ. ಅಷ್ಟೊತ್ತಿಗೆ ಎರಡನೇ ದರ್ಜೆಯ ಲೀಗಿಗೆ ಇಳಿದಿದ್ದ. ಹದಿನೇಳರಲ್ಲಿ ಯಾರು ದೊಡ್ಡವನಾಗ್ತಾನೆ ಅಂತ ಹೇಳೋ ವಿದ್ಯೆ ಅಮೆರಿಕದ ಅಭಿಮಾನಿಗಳಿಗೂ ಗೊತ್ತಿರಲಿಲ್ಲ ಅನ್ನೋದು ಇಷ್ಟರಲ್ಲೇ ಗೊತ್ತಾಯ್ತು. ಸಾರ್ಜೆಂಟ್ ಹದಿನೆಂಟು ತುಂಬಿದ ಕೂಡಲೇ ಜರ್ಮನಿಯ ವರ್ಡರ್ ಬ್ರೆಮನ್‌ಗೆ ಹೋದ. ಡೆಸ್ಟ್ ಅಯಾಕ್ಸ್, ಆಮೇಲೆ ಬಾರ್ಸಿಲೋನಾ. ವೇಯಾ ಪಿಎಸ್‌ಜಿಯಿಂದ ಸೆಲ್ಟಿಕ್‌ಗೆ, ಅಲ್ಲಿಂದ ಲಿಲ್‌ಗೆ ಹೋಗಿ 2021ರಲ್ಲಿ ಫ್ರಾನ್ಸಿನ ಲೀಗ್ ಗೆದ್ದ. ಅವರ ವಾರಗಳು ಹೀಗೆ ತುಂಬಿದವು.

ನಮ್ಮ ಹುಡುಗರ ವಾರಗಳು? ಫೆಡರೇಶನ್ ಅವರನ್ನ ಚೆದುರಿಸದೆ ‘ಇಂಡಿಯನ್ ಆರೋಸ್’ ಅನ್ನೋ ತಂಡ ಮಾಡಿ ಐ-ಲೀಗ್‌ಗೆ ಇಳಿಸಿತು. ಈ ಪ್ರಯೋಗ ಹೊಸದೇನಲ್ಲ. 2010ರಲ್ಲೇ ಇದೇ ಥರ ಎಳೆಯರ ತಂಡ ಮಾಡಿದ್ದರು, ಜೇಜೆ ಲಾಲ್‌ಪೆಖ್ಲುವಾ ಬಂದದ್ದು ಅಲ್ಲಿಂದಲೇ, ಆಮೇಲೆ 2013ರಲ್ಲಿ ಮುಚ್ಚಿದ್ದರು. ಎರಡನೇ ಸಲ ಶುರುವಾದಾಗ ಮೊದಲ ಪಂದ್ಯದಲ್ಲೇ ಚೆನ್ನೈ ಸಿಟಿಯನ್ನ 3-0ಯಿಂದ ಸೋಲಿಸಿದರು. ಸೀಸನ್ ಮುಗಿಯೋ ಹೊತ್ತಿಗೆ ಕೊನೆಯ ಸ್ಥಾನ. ಬೈಕೊಂಡವರು ತುಂಬಾ ಜನ. ನಾನಂತೂ ಆ ಆರೋಸ್ ಪರ. ವಿದೇಶಿ ಆಟಗಾರ ಒಬ್ಬನೂ ಇಲ್ಲದೆ, ದೇಹ ಬಲಿತ ಗಂಡಸರ ಎದುರು, ಹದಿನೆಂಟರ ಹುಡುಗರು ಸೀಸನ್ ಪೂರ್ತಿ ಆಡಿದರಲ್ಲ, ಅದೇ ಅವರಿಗೆ ಸಿಕ್ಕ ನಿಜವಾದ ಕಾಲೇಜು. 2022ರಲ್ಲಿ ಅದನ್ನೂ ಮುಚ್ಚಿದರು.

ಆರೋಸ್‌ನಿಂದ ಹೊರಬಿದ್ದವರು ಸೇರಿದ್ದು ಐಎಸ್‌ಎಲ್ ಕ್ಲಬ್‌ಗಳನ್ನ. ಸಂಬಳ ಒಳ್ಳೇದು, ಹೋಟೆಲ್ ಒಳ್ಳೇದು, ಆಟ ಮಾತ್ರ ಕಮ್ಮಿ. ನಮ್ಮ ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಂಪಸ್‌ನಲ್ಲಿ ಟಾಪರ್ ಅಂತ ತಗೊಂಡು ಬರ್ತಾರೆ, ಒಂದೂವರೆ ವರ್ಷ ಬೆಂಚಲ್ಲಿ ಕೂರಿಸ್ತಾರೆ, ಆಮೇಲೆ ಪ್ರಾಜೆಕ್ಟ್ ಇಂಟರ್‌ವ್ಯೂನಲ್ಲಿ ‘ಹ್ಯಾಂಡ್ಸ್-ಆನ್ ಏನಿದೆ?’ ಅಂತ ಕೇಳ್ತಾರೆ. ನಮ್ಮಲ್ಲಿ ಬೆಂಚ್ ಅನ್ನೋದು ಮಾತಿನ ಬೆಂಚು, ಅಲ್ಲಿ ನಿಜವಾದ ಬೆಂಚು, ಅಷ್ಟೇ ವ್ಯತ್ಯಾಸ.

ಜಾಗ ಯಾಕೆ ಇರಲಿಲ್ಲ ಅಂದ್ರೆ, 2014ರಲ್ಲಿ ಐಎಸ್‌ಎಲ್ ಶುರುವಾದಾಗ ಒಂದು ತಂಡದಲ್ಲಿ ಒಂದೇ ಹೊತ್ತಿಗೆ ಆರು ಜನ ವಿದೇಶಿಯರು ಮೈದಾನದಲ್ಲಿರಬಹುದಿತ್ತು. 2017-18ರಲ್ಲಿ ಐದಾಯ್ತು, 2021-22ರಲ್ಲಿ ನಾಲ್ಕು. ಕಮ್ಮಿ ಮಾಡಿದ್ದು ಸರಿ. ಆದರೆ ಆ ನಾಲ್ವರನ್ನ ಕ್ಲಬ್‌ನವರು ಎಲ್ಲಿ ನಿಲ್ಲಿಸ್ತಾರೆ? ದುಡ್ಡು ಕೊಟ್ಟು ತಂದವನನ್ನ ಗೋಲು ಹೊಡೆಯೋ ಜಾಗದಲ್ಲೇ ಮೊದಲು ನಿಲ್ಲಿಸ್ತಾರೆ. ಕ್ಲಬ್ ಮಾಲೀಕನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಫಲಿತಾಂಶ ನೋಡಿ: 2014ರಿಂದ 2025ರವರೆಗಿನ ಹನ್ನೊಂದು ಸೀಸನ್‌ನಲ್ಲಿ ಐಎಸ್‌ಎಲ್‌ನ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನ ಕೈಗೆ ಬಂದಿಲ್ಲ. 2017ರ ಬ್ಯಾಚಿನಿಂದ ಮೇಲೆ ಬಂದವರ ಪಟ್ಟಿ ನೋಡಿದರೂ ಅದೇ ಕಥೆ. ಡಿಫೆಂಡರ್, ಮಿಡ್‌ಫೀಲ್ಡರ್, ಗೋಲ್‌ಕೀಪರ್. ಸುರೇಶ್ ಸಿಂಗ್ ವಾಂಗ್ಜಾಮ್ ನಮ್ಮ ಬಿಎಫ್‌ಸಿಯ ನಡುಮೈದಾನದಲ್ಲಿ ಬೇರೂರಿದ, 2021ರ ಸ್ಯಾಫ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಗೋಲು ಹೊಡೆದ. ಧೀರಜ್ ಸಿಂಗ್ 2021ರ ಏಪ್ರಿಲ್‌ನಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಎಫ್‌ಸಿ ಗೋವಾದ ಗೋಲು ಕಾದ. ಕತಾರ್‌ನ ಅಲ್ ರಯ್ಯಾನ್ ಜೊತೆ ಗೋವಾ 0-0 ಮಾಡಿಕೊಂಡ ಆ ರಾತ್ರಿ ಅವನು ತಡೆದ ಚೆಂಡುಗಳನ್ನ ನೋಡಿ ನಾನು ರೂಮ್‌ಮೇಟ್‌ನ ಎಬ್ಬಿಸಿದ್ದೆ. ಸ್ಟಾಲಿನ್ ಪೋರ್ಚುಗಲ್‌ನ ಆವೆಸ್ ಕ್ಲಬ್ಬಿಗೆ ಹೋದ, ವಾಪಸ್ ಬಂದು ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ. ಮುಂದಾಳಾಗಿ ಆಡ್ತಿದ್ದವರಲ್ಲಿ ಯಾರೂ ರಾಷ್ಟ್ರೀಯ ತಂಡದಲ್ಲಿ ನೆಲೆ ನಿಲ್ಲಲಿಲ್ಲ.

ಅನ್ವರ್ ಅಲಿಯದು ಬೇರೆಯದೇ ಕಥೆ, ಅದನ್ನ ಯಾವ ಲೆಕ್ಕಕ್ಕೂ ಸೇರಿಸೋಕಾಗಲ್ಲ. 2018ರ ಆಗಸ್ಟ್‌ನಲ್ಲಿ ಸ್ಪೇನ್‌ನ ಕೋಟಿಫ್ ಟೂರ್ನಿಯಲ್ಲಿ ಭಾರತದ ಇಪ್ಪತ್ತರೊಳಗಿನವರ ತಂಡ ಅರ್ಜೆಂಟೀನಾವನ್ನ 2-1ರಿಂದ ಸೋಲಿಸಿತು, ಅದೂ ಹತ್ತೇ ಜನ ಉಳಿದಿದ್ದಾಗ. ಎರಡನೇ ಗೋಲು ಅನ್ವರ್ ಅಲಿಯ ಫ್ರೀ ಕಿಕ್. ಎದುರು ತಂಡದ ಕೋಚ್ ಯಾರು ಗೊತ್ತಾ? ಲಿಯೋನೆಲ್ ಸ್ಕಲೋನಿ. ನಾಲ್ಕು ವರ್ಷದ ಮೇಲೆ ಮೆಸ್ಸಿಗೆ ವಿಶ್ವಕಪ್ ಎತ್ತಿಸಿದ ಅದೇ ಸ್ಕಲೋನಿ. ಆ ವಾರ ವೆಸ್ಟ್ ಬ್ಲಾಕ್‌ನಲ್ಲಿ 2026ರ ಬಣದವರನ್ನ ಹಿಡಿಯೋರೇ ಇರಲಿಲ್ಲ. ಅದೇ ಟೂರ್ನಿಯಲ್ಲಿ ನಮ್ಮವರು ಮುರ್ಸಿಯಾಗೆ, ಮಾರಿಟಾನಿಯಾಗೆ ಸೋತಿದ್ದನ್ನ, ಅರ್ಜೆಂಟೀನಾದವರು ಕೊನೆಗೆ ಕಪ್ಪನ್ನೇ ಗೆದ್ದಿದ್ದನ್ನ ಯಾರೂ ಎತ್ತಲಿಲ್ಲ. ಎತ್ತಿದವನಿಗೆ ಬೈಗುಳ.

ಮರುವರ್ಷ, 2019ರಲ್ಲಿ, ಹೊಸ ಕ್ಲಬ್ಬಿಗೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ ಅನ್ವರ್‌ನ ಹೃದಯದ ಸ್ನಾಯು ದಪ್ಪಗಾಗೋ ಕಾಯಿಲೆ ಸಿಕ್ಕಿತು. ಹತ್ತೊಂಬತ್ತು ವಯಸ್ಸು. ಮೈದಾನದಲ್ಲೇ ಕುಸಿದು ಬೀಳಬಹುದು ಅನ್ನೋ ಭಯಕ್ಕೆ ಫೆಡರೇಶನ್ ಆಡಬೇಡ ಅಂದಿತು. ಹುಡುಗ ದೆಹಲಿ ಹೈಕೋರ್ಟಿಗೆ ಹೋದ. ಆಟ ಬಿಟ್ಟು ಬದುಕೋದು ಹೇಗೆ ಅನ್ನೋ ಪ್ರಶ್ನೆ ಅವನದು, ಆಡಿ ಸತ್ತರೆ ಯಾರು ಹೊಣೆ ಅನ್ನೋದು ಫೆಡರೇಶನ್‌ದು. ಇಲ್ಲಿ ಯಾರು ಸರಿ ಅಂತ ಹೇಳೋ ಧೈರ್ಯ ನನಗಿಲ್ಲ. ಅವನು ಮತ್ತೆ ಆಡಿದ. 2022ರ ಜೂನ್‌ನಲ್ಲಿ ಕೋಲ್ಕತಾದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ, ಹಾಂಗ್‌ಕಾಂಗ್ ಎದುರು. ಎರಡನೇ ನಿಮಿಷಕ್ಕೇ ಅನ್ವರ್ ಅಲಿ ಗೋಲು. 2017ರ ಕ್ರಾಸ್‌ಬಾರ್ ನೆನಪಿದ್ದ ನಮಗೆ ಆ ರಾತ್ರಿ ಏನಾಯ್ತು ಅಂತ ಬರೆಯೋದು ಕಷ್ಟ. ಭಾರತ 4-0ಯಿಂದ ಗೆದ್ದಿತು.

ಇಷ್ಟೆಲ್ಲ ಜಗಳದ ಹಿಂದೆ ಇದ್ದ ಪ್ರಶ್ನೆ ಒಂದೇ: ಸುನಿಲ್ ಛೆಟ್ರಿ ಆದಮೇಲೆ ಯಾರು? ಒಂದು ವಿಷಯ ಗಮನಿಸಿ. ಹದಿನೇಳು ವಯಸ್ಸಿನ ಛೆಟ್ರಿ ಬಗ್ಗೆ ಯಾರೂ ಹೀಗೆ ಜಗಳ ಆಡಿರಲಿಲ್ಲ. 2002ರಲ್ಲಿ ದೆಹಲಿಯಿಂದ ಮೋಹನ್ ಬಾಗಾನ್‌ಗೆ ಬಂದ. ಆಮೇಲೆ ಪಂಜಾಬಿನ ಜೆಸಿಟಿಯಲ್ಲಿ ಮೂರು ವರ್ಷ. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕೆ ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು. 2013ರಲ್ಲಿ ನಮ್ಮೂರಿಗೆ ಬಂದ. 2024ರ ಜೂನ್ 6ರಂದು ಕೋಲ್ಕತಾದಲ್ಲಿ ಕುವೈತ್ ವಿರುದ್ಧ 0-0 ಆಡಿ, ದೇಶಕ್ಕೆ 94 ಗೋಲು ಹೊಡೆದು, ಕಣ್ಣೀರಿಟ್ಟು ಹೊರಟ.

ಮುಂದಿನ ಐಎಸ್‌ಎಲ್ ಸೀಸನ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಯಾರು ಅಂತ ನೋಡಿದರೆ, ಮತ್ತೆ ಛೆಟ್ರಿಯೇ. 14 ಗೋಲು, ನಲವತ್ತು ವಯಸ್ಸು. 2017ರ ಹುಡುಗರಿಗೆ ಆಗ ಇಪ್ಪತ್ತನಾಲ್ಕು-ಇಪ್ಪತ್ತೈದು, ಫುಟ್ಬಾಲಿನಲ್ಲಿ ಮೈ ಕೈ ತುಂಬಿಕೊಳ್ಳೋ ವಯಸ್ಸು. ಕೋಚ್ ಮನೋಲೊ ಮಾರ್ಕ್ವೆಜ್ ಬೇರೆ ದಾರಿ ಕಾಣದೆ ಛೆಟ್ರಿಯನ್ನ ವಾಪಸ್ ಕರೆದರು. 2025ರ ಮಾರ್ಚ್ 19, ಶಿಲ್ಲಾಂಗ್, ಮಾಲ್ಡೀವ್ಸ್ ವಿರುದ್ಧ. ಎರಡನೇ ಅರ್ಧದಲ್ಲಿ ಚೆಂಡು ಗಾಳಿಯಲ್ಲಿ ಬಂತು, ಛೆಟ್ರಿ ತಲೆ ಕೊಟ್ಟ, 3-0. ಟೀವಿ ಮುಂದೆ ನಾವು ನಾಲ್ವರು ಇದ್ವಿ. ಇಬ್ಬರು ಎದ್ದು ಕುಣಿದರು. 2026 ಅಂತ ಬರೆದಿಟ್ಕೋ ಅಂದಿದ್ದ ಗೆಳೆಯ ಕುರ್ಚಿ ಬಿಟ್ಟು ಏಳದೆ, ‘ಈ ಸಲದ ಅಂಡರ್-17 ಟೀಮಲ್ಲಿ ಯಾರ್ಯಾರಿದ್ದಾರೋ?’ ಅಂತ ಫೋನ್ ತೆಗೆದ.